ಸೋಲಾರ್ ಕುಕ್ಕರ್ ತರುವ ಮೊದಲು ಮನೆಯ ಒಲೆ ಯಾವ ಹೊತ್ತಿಗೆ ಉರಿಯುತ್ತೆ ನೋಡಿ

ಈ ವಾರ ಹೊಲ ಬಿಟ್ಟು ಸ್ವಲ್ಪ ಅಡುಗೆಮನೆ ಕಡೆ ಬರೋಣ. “ಅಣ್ಣ, ಮೊಬೈಲಲ್ಲಿ ಸೋಲಾರ್ ಒಲೆ ವಿಡಿಯೋ ನೋಡಿದೆ, ತಗೋಬಹುದಾ? ಗ್ಯಾಸ್ ಉಳಿಯುತ್ತಾ?” ಅಂತ ಕೇಳುವ ಹುಡುಗರು ಈಚೆಗೆ ಜಾಸ್ತಿಯಾಗಿದ್ದಾರೆ. ವಿಡಿಯೋ ನೋಡಿದರೆ ಬಿಸಿಲಲ್ಲಿ ಇಟ್ಟ ತಕ್ಷಣ ಅನ್ನ ಬೆಂದುಬಿಡುತ್ತೆ, ಖರ್ಚು ಸೊನ್ನೆ ಅನ್ನೋ ಹಾಗಿರುತ್ತೆ.

ನಾನಿರೋದು ಕಂಪ್ಲಿ ತಾಲೂಕಿನ ಎಮ್ಮಿಗನೂರಲ್ಲಿ. ನಮ್ಮ ಕಡೆ ನೀರಿಗೆ ಬರ ಬಂದಿರಬಹುದು, ಬಿಸಿಲಿಗೆ ಯಾವತ್ತೂ ಬಂದಿಲ್ಲ. ವರ್ಷದ ಸರಾಸರಿ ಹಿಡಿದರೆ ಒಂದು ಚದರ ಮೀಟರ್ ಜಾಗದ ಮೇಲೆ ದಿನಕ್ಕೆ ಐದರಿಂದ ಆರು ಯೂನಿಟ್‌ನಷ್ಟು ಬಿಸಿಲು ಬೀಳುತ್ತೆ. ಒಂದು ಮನೆಯ ಮೂರು ಹೊತ್ತಿನ ಅಡುಗೆಗೆ ಪಾತ್ರೆಗೆ ಮುಟ್ಟಬೇಕಾದ ಶಾಖ ಇದಕ್ಕಿಂತ ಕಡಿಮೆ. ಹಾಗಿದ್ದರೂ ನಮ್ಮೂರಲ್ಲಿ ಸೋಲಾರ್ ಕುಕ್ಕರ್ ಇರುವ ಮನೆಗಳನ್ನು ಬೆರಳಲ್ಲಿ ಎಣಿಸಬಹುದು. ನಮ್ಮ ಮನೆಯಲ್ಲಿ ಪೆಟ್ಟಿಗೆ ಮಾದರಿಯದ್ದು ಆರು ವರ್ಷದಿಂದ ಐತಿ, ಇವತ್ತಿಗೂ ಬಳಕೆಯಲ್ಲಿದೆ. ಆ ಅನುಭವದ ಮೇಲೆ ಹೇಳ್ತೀನಿ: ತಗೊಳ್ಳಿ, ಆದರೆ ಅದಕ್ಕೂ ಮೊದಲು ಒಂದು ವಾರ ನಿಮ್ಮ ಮನೆಯಲ್ಲಿ ಒಲೆ ಯಾವ ಹೊತ್ತಿಗೆ ಉರಿಯುತ್ತೆ, ಅದರ ಮೇಲೆ ಏನು ಇರುತ್ತೆ ಅಂತ ಮೊಬೈಲಲ್ಲಿ ಬರೆದಿಟ್ಟುಕೊಳ್ಳಿ.

ಬಿಸಿಲಿನ ಹೊತ್ತು ಬೇರೆ, ಒಲೆಯ ಹೊತ್ತು ಬೇರೆ

ನಮ್ಮ ಕಾಲುವೆ ಬಯಲಿನ ಮನೆಗಳನ್ನೇ ತಗೊಳ್ಳಿ. ನಾಟಿ ಇರಲಿ, ಕಳೆ ಇರಲಿ, ಮೆಣಸಿನಕಾಯಿ ಬಿಡಿಸೋದಿರಲಿ, ಹೆಣ್ಣುಮಕ್ಕಳು ಎಂಟು ಗಂಟೆಯೊಳಗೆ ಬುತ್ತಿ ಕಟ್ಟಿಕೊಂಡು ಹೊರಡಬೇಕು. ಅಂದರೆ ಐದಕ್ಕೆ ಒಲೆ ಹಚ್ಚಬೇಕು. ರೊಟ್ಟಿ, ಪಲ್ಯ, ಅನ್ನ, ಸಾರು ಎಲ್ಲಾ ಏಳಕ್ಕೆ ಮುಗಿದಿರುತ್ತೆ. ಮತ್ತೆ ಒಲೆ ಹತ್ತೋದು ಸಂಜೆ ಏಳಕ್ಕೆ. ಸೋಲಾರ್ ಪೆಟ್ಟಿಗೆ ದುಡಿಯೋದು ಬೆಳಿಗ್ಗೆ ಒಂಬತ್ತೂವರೆಯಿಂದ ಮಧ್ಯಾಹ್ನ ಮೂರೂವರೆವರೆಗೆ. ಎರಡಕ್ಕೂ ಭೇಟಿಯೇ ಆಗೋದಿಲ್ಲ. ರೊಟ್ಟಿಯ ಹಂಚು 200 ಡಿಗ್ರಿ ದಾಟಿ ಕಾಯಬೇಕು, ಪೆಟ್ಟಿಗೆಯೊಳಗೆ ಖಾಲಿ ಇದ್ದಾಗ 120–140 ಡಿಗ್ರಿ, ಪಾತ್ರೆ ಇಟ್ಟ ಮೇಲೆ 100ರ ಆಸುಪಾಸು. ಜೋಳದ ರೊಟ್ಟಿ ಅದರಲ್ಲಿ ಸಾಧ್ಯವೇ ಇಲ್ಲ.

ನಮ್ಮ ಓಣಿಯ ಒಬ್ಬ ಅಕ್ಕನಿಗೆ ನಾನು ಪೆಟ್ಟಿಗೆ ತೋರಿಸಿದಾಗ ಕೇಳಿದ್ದು ಮೂರೇ ಪ್ರಶ್ನೆ. “ನಾ ಹೊಲಕ್ಕ ಹೋದ್ರ ಇದನ್ನ ಕಾಯೋರ್ ಯಾರು? ರೊಟ್ಟಿ ಆಕ್ಕತೇನು? ಮೋಡ ಬಂದ್ರ ಏನ್ ಮಾಡ್ಲಿ?” ಸೋಲಾರ್ ಅಡುಗೆ ಬಗ್ಗೆ ದೊಡ್ಡವರು ಬರೆದ ವರದಿಗಳನ್ನೂ ಓದಿದ್ದೇನೆ. ಈ ಮೂರು ಪ್ರಶ್ನೆಗಿಂತ ಹೆಚ್ಚಿನದು ಅವುಗಳಲ್ಲಿ ಸಿಗೋದು ಅಪರೂಪ.

ಇದು ಇವತ್ತಿನ ಪ್ರಯತ್ನವೂ ಅಲ್ಲ. 1870ರ ದಶಕದಲ್ಲೇ ಮುಂಬೈಯಲ್ಲಿದ್ದ ವಿಲಿಯಂ ಆಡಮ್ಸ್ ಎಂಬ ಇಂಗ್ಲಿಷ್ ಅಧಿಕಾರಿ ಕನ್ನಡಿಗಳನ್ನು ಜೋಡಿಸಿ ಏಳು ಜನ ಸೈನಿಕರ ಊಟವನ್ನು ಎರಡು ಗಂಟೆಯಲ್ಲಿ, ಅದೂ ಜನವರಿ ತಿಂಗಳಲ್ಲಿ, ಬೇಯಿಸಿದ್ದ. ಕಟ್ಟಿಗೆಗಾಗಿ ಕಾಡು ಹಾಳಾಗ್ತಿದೆ ಅನ್ನೋದು ಆಗಲೇ ಅವನ ಚಿಂತೆ. 1878ರಲ್ಲಿ ಈ ಬಗ್ಗೆ ಪುಸ್ತಕವನ್ನೂ ಬರೆದ. ಸ್ವಾತಂತ್ರ್ಯ ಬಂದ ಮೇಲೆ 1950ರ ದಶಕದಲ್ಲಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ ಕನ್ನಡಿ ತಟ್ಟೆಯ ಕುಕ್ಕರ್ ಮಾಡಿತು. ಮಾರುಕಟ್ಟೆಗೆ ಬಂತು, ಜನ ಕೊಳ್ಳಲಿಲ್ಲ. 1980ರ ದಶಕದಲ್ಲಿ ಕೇಂದ್ರ ಸರಕಾರ ಸಹಾಯಧನ ಕೊಟ್ಟು ಪೆಟ್ಟಿಗೆ ಕುಕ್ಕರ್ ಹಂಚಿತು. ದೇಶದಲ್ಲಿ ಲಕ್ಷಗಟ್ಟಲೆ ಮಾರಾಟವಾದವು. ಅವುಗಳಲ್ಲಿ ಎಷ್ಟೋ ಅಟ್ಟ ಸೇರಿದವು. ಹೊತ್ತು ಹೊಂದದ ಮೇಲೆ ಪೆಟ್ಟಿಗೆ ಎಷ್ಟು ಚೆನ್ನಾಗಿದ್ದರೂ ಅದು ಉಳ್ಳಾಗಡ್ಡಿ ತುಂಬಿಡೋಕೆ ಮಾತ್ರ.

ಆದರೆ ಚೀನಾದ ಗನ್ಸು, ಚಿಂಗ್‌ಹಾಯ್ ಪ್ರಾಂತ್ಯಗಳಲ್ಲಿ ಮತ್ತು ಟಿಬೆಟ್‌ನಲ್ಲಿ ಇದೇ ಬಿಸಿಲಿನ ಒಲೆ ಹಳ್ಳಿ ಹಳ್ಳಿಯ ಅಂಗಳದಲ್ಲಿ ನಿಂತಿದೆ. ಅಲ್ಲಿ ಸೌದೆ ಕಡಿಮೆ, ಬಿಸಿಲು ಚೆನ್ನಾಗಿದೆ, ಅದಕ್ಕಿಂತ ಮುಖ್ಯವಾಗಿ ಅವರು ದಿನವಿಡೀ ಚಹಾ ನೀರು ಕಾಯಿಸುವ ಜನ. ಕನ್ನಡಿ ತಟ್ಟೆಯ ಮಧ್ಯೆ ಕೆಟಲ್ ಇಟ್ಟರೆ ಮುಗೀತು. ಊಟ ಪೂರ್ತಿ ಅದರ ಮೇಲೆ ಮಾಡೋಕೆ ಅವರು ಹೋಗಲಿಲ್ಲ, ಆ ಒಲೆಗೆ ಒಪ್ಪುವ ಒಂದು ಕೆಲಸ ಮಾತ್ರ ಕೊಟ್ಟರು. ನಾವೂ ಮಾಡಬೇಕಾದ್ದು ಇಷ್ಟೇ. “ಗ್ಯಾಸ್ ಬದಲು ಸೋಲಾರ್” ಅಂತ ಹೊರಟರೆ ಮೂರನೇ ವಾರಕ್ಕೆ ನಿಲ್ಲುತ್ತೆ. ಹತ್ತರಿಂದ ಮೂರರೊಳಗೆ ಆಗಬಹುದಾದ ಕೆಲಸ ಯಾವುದು ಅಂತ ಹುಡುಕಿದರೆ ದಾರಿ ಸಿಗುತ್ತೆ.

ನಮ್ಮ ಕಡೆ ಪೆಟ್ಟಿಗೆಗೆ ಕೊಡಬಹುದಾದ ಕೆಲಸ

ನೀರಲ್ಲಿ ಬೇಯುವುದೆಲ್ಲಾ ಬರುತ್ತೆ. ತೊಗರಿಬೇಳೆ, ಹೆಸರುಕಾಳು, ಮಡಿಕೆಕಾಳು, ಹುರುಳಿ, ಅನ್ನ, ಜೋಳದ ನುಚ್ಚು, ಗೆಣಸು, ಕುಂಬಳಕಾಯಿ, ಹಸಿ ಶೇಂಗಾ. ಮೊಟ್ಟೆಯನ್ನು ನೀರೇ ಇಲ್ಲದೆ ಮುಚ್ಚಿದ ಕಪ್ಪು ಪಾತ್ರೆಯಲ್ಲಿಟ್ಟರೂ ಬೇಯುತ್ತೆ. ಮನೇಲಿ ಅಜ್ಜಿನೋ ತಾತನೋ ಇದ್ದು ಮಧ್ಯಾಹ್ನದ ಊಟ ಬಿಸಿಯಾಗಿ ಬೇಕು ಅಂದರೆ ಇದು ಹೇಳಿ ಮಾಡಿಸಿದ್ದು. ಎಲ್ಲರೂ ಹೊಲಕ್ಕೆ ಹೋಗುವ ಮನೆಯಲ್ಲಿ ಮಧ್ಯಾಹ್ನ ಬೇಳೆ, ಕಾಳು ಬೇಯಿಸಿ ಇಟ್ಟರೆ ರಾತ್ರಿ ಸಾರಿಗೆ ಒಗ್ಗರಣೆ ಕೊಡೋದಷ್ಟೇ ಉಳಿಯುತ್ತೆ. ಆದರೆ ಮೂರು ಮೂರೂವರೆಗೆ ಯಾರಾದರೂ ಪಾತ್ರೆ ಒಳಗೆ ತಂದಿಡಬೇಕು. ಬೇಸಿಗೆಯಲ್ಲಿ ಬೇಯಿಸಿದ್ದನ್ನು ರಾತ್ರಿ ಎಂಟರವರೆಗೆ ಹಾಗೇ ಬಿಡೋದು ಬೇಡ, ಒಮ್ಮೆ ಕುದಿಸಿಕೊಳ್ಳಿ.

ಎರಡನೆಯದು ದನದ ಕೆಲಸ. ಊರ ಹೆಸರಿನಲ್ಲೇ ಎಮ್ಮಿ ಇರುವಾಗ ಇದನ್ನು ಬಿಡೋದು ಹೇಗೆ? ಕರೆಯುವ ಎಮ್ಮೆಗೆ ಹತ್ತಿಕಾಳು ಬೇಯಿಸಿ ಹಾಕುವ ರೂಢಿ ಇನ್ನೂ ಇದೆ. ಅದಕ್ಕೆ ಅಂಗಳದಲ್ಲಿ ಮೂರು ಕಲ್ಲು ಹೂಡಿ ಬಳ್ಳಾರಿ ಜಾಲಿ ಕಟ್ಟಿಗೆ ಉರಿಸ್ತೇವೆ. ನಮ್ಮ ಜಿಲ್ಲೆಯ ಹೆಸರನ್ನೇ ಹೊತ್ತ ಆ ಮುಳ್ಳಿನ ಗಿಡ ಕಡಿದು, ಕೈ ಗೀರಿಸಿಕೊಂಡು, ಹೊರೆ ಹೊತ್ತು ತರೋರು ಯಾರು ಅಂತ ನಿಮಗೇ ಗೊತ್ತು. ಹೊಗೆ ಕುಡಿಯೋರೂ ಅವರೇ. ಮನೆಯೊಳಗಿನ ಒಲೆ ಹೊಗೆಯಿಂದ ಜಗತ್ತಿನಲ್ಲಿ 2020ರ ಒಂದೇ ವರ್ಷ 32 ಲಕ್ಷ ಜನ ಸತ್ತರು ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ನೆನೆಸಿದ ಹತ್ತಿಕಾಳು ಪೆಟ್ಟಿಗೆಯಲ್ಲಿ ನಿಧಾನಕ್ಕೆ ಬೇಯಲಿ, ಸಂಜೆ ಹಾಲು ಕರೆಯುವ ಹೊತ್ತಿಗೆ ಸಿಕ್ಕರೆ ಸಾಕು. ಅದಕ್ಕೆ ಅವಸರವೇ ಇಲ್ಲ.

ಮೂರನೆಯದು ಸ್ನಾನದ ನೀರು. ಮಧ್ಯಾಹ್ನ ಹನ್ನೆರಡೂವರೆಗೆ ಅನ್ನ, ಬೇಳೆ ಹೊರಗೆ ತೆಗೆದು ಅದೇ ಪೆಟ್ಟಿಗೆಗೆ ನಾಲ್ಕು ಲೀಟರ್ ನೀರು ಇಟ್ಟರೆ ನಾಲ್ಕು ಗಂಟೆಗೆ 70–80 ಡಿಗ್ರಿ ಆಗಿರುತ್ತೆ. ಅದಕ್ಕೆ ಹತ್ತು ಹನ್ನೊಂದು ಲೀಟರ್ ತಣ್ಣೀರು ಬೆರೆಸಿದರೆ ಹೊಲದಿಂದ ಬಂದವರೊಬ್ಬರ ಮೈ ತೊಳೆಯೋಕೆ ಒಂದು ಬಕೆಟ್ ಆಯ್ತು. ಮನೆಮಂದಿಗೆಲ್ಲಾ ಬೇಕು ಅಂದರೆ ಚಾವಣಿ ಮೇಲಿನ ಸೋಲಾರ್ ವಾಟರ್ ಹೀಟರ್ ನೋಡಿ, ಪೆಟ್ಟಿಗೆಯ ಕೈಲಿ ಅದು ಆಗಲ್ಲ.

ಇನ್ನೊಂದು ಉಪಯೋಗ ರೈತರಿಗೇ ಬೇಕಾದ್ದು. ಮನೆಗೆ ಇಟ್ಟ ತೊಗರಿ, ಅಲಸಂದೆ, ಹೆಸರುಕಾಳಿಗೆ ಕೊರೆಯುವ ಹುಳ ಬೀಳುತ್ತಲ್ಲ, ಕಾಳು 57 ಡಿಗ್ರಿ ಬಿಸಿಯಲ್ಲಿ ಒಂದು ಗಂಟೆ ಇದ್ದರೆ ಹುಳ, ಮರಿ, ಮೊಟ್ಟೆ ಮೂರೂ ಸಾಯುತ್ತವೆ. ಆಫ್ರಿಕಾದ ಕ್ಯಾಮರೂನಿನಲ್ಲಿ ಅಲಸಂದೆ ಬೆಳೆಯೋರಿಗೆ ಈ ವಿಧಾನ ಕಲಿಸಿದ್ದು ಕಪ್ಪು, ಬಿಳಿ ಪ್ಲಾಸ್ಟಿಕ್ ಹಾಳೆಯಲ್ಲಿ. ಪೆಟ್ಟಿಗೆ ಇದ್ದವರಿಗೆ ಇನ್ನೂ ಸುಲಭ, ಕಾಳನ್ನು ತೆಳುವಾಗಿ ಹರಡಿ ಮುಚ್ಚಳ ಸ್ವಲ್ಪ ತೆರೆದಿಟ್ಟು ಥರ್ಮಾಮೀಟರ್ ನೋಡ್ತಾ ಇರಬೇಕು. ತಿನ್ನುವ ಕಾಳಿಗೆ ಮಾತ್ರ ಇದನ್ನು ಮಾಡಿ. ಬಿತ್ತನೆ ಬೀಜವನ್ನು ಇದರೊಳಗೆ ಇಡಬೇಡಿ, ಬಿಸಿ ಸ್ವಲ್ಪ ಮೀರಿದರೂ ಮೊಳಕೆ ಕೆಡುತ್ತೆ.

ಯಾಕೆ ಇಷ್ಟು ನಿಧಾನ?

ಲೆಕ್ಕ ಸರಳ. ಅರ್ಧ ಮೀಟರ್ ಉದ್ದ, ಅರ್ಧ ಮೀಟರ್ ಅಗಲದ ಗಾಜು ಅಂದರೆ ಕಾಲು ಚದರ ಮೀಟರ್. ಸ್ವಚ್ಛ ಆಕಾಶದ ನಡು ಮಧ್ಯಾಹ್ನ ಚದರ ಮೀಟರಿಗೆ ಸುಮಾರು 900 ವ್ಯಾಟ್ ಬಿಸಿಲು ಬೀಳುತ್ತೆ. ಕಾಲು ಚದರ ಮೀಟರಿಗೆ 225 ವ್ಯಾಟ್, ಮೇಲಿನ ಕನ್ನಡಿ ಸೇರಿಸಿದರೆ 300. ಅದರಲ್ಲಿ ಪಾತ್ರೆಯೊಳಗೆ ನಿಲ್ಲೋದು ಕಾಲುಭಾಗದಿಂದ ಮೂರನೇ ಒಂದು ಭಾಗ, ಅಂದರೆ 80–90 ವ್ಯಾಟ್. ಉಳಿದದ್ದು ಗಾಜಿನಿಂದ, ಬದಿಯಿಂದ ಹೊರಗೆ ಹೋಗುತ್ತೆ. ಗ್ಯಾಸ್ ಒಲೆ ಪಾತ್ರೆಗೆ ಕೊಡೋದು ಸಾವಿರ ವ್ಯಾಟ್‌ಗೂ ಹೆಚ್ಚು. ಅಕ್ಕಿ, ನೀರು ಸೇರಿ ಎರಡು ಕಿಲೋ ಇಟ್ಟರೆ ಗ್ಯಾಸ್ ಮೇಲೆ ಹತ್ತು ನಿಮಿಷದೊಳಗೆ ಕುದಿ ಬರುತ್ತೆ, ಪೆಟ್ಟಿಗೆಯಲ್ಲಿ ಎರಡು ಗಂಟೆ ಬೇಕು. ಹತ್ತು ನಿಮಿಷದ ವಿಡಿಯೋ ನಂಬೋ ಮುಂಚೆ ಈ ಲೆಕ್ಕ ಹಾಕಿ.

ನಿಧಾನ ಆದರೂ ಒಂದು ಅನುಕೂಲ ಇದೆ. ತಳ ಹತ್ತೋದಿಲ್ಲ, ಉಕ್ಕೋದಿಲ್ಲ, ಸೌಟು ಆಡಿಸೋದು ಬೇಡ. ಇಟ್ಟು ಮರೆತುಬಿಡಬಹುದು. ಗ್ಯಾಸ್ ಮುಂದೆ ನಿಂತು ಕಾಯುವ ಅರ್ಧ ಗಂಟೆ ಉಳಿಯುತ್ತಲ್ಲ, ನನ್ನ ಕೇಳಿದರೆ ಉಳಿಯುವ ಗ್ಯಾಸ್‌ಗಿಂತ ಇದೇ ದೊಡ್ಡ ಲಾಭ.

ಗ್ಯಾಸ್ ಎಷ್ಟು ಉಳಿಯುತ್ತೆ? ಪ್ರಚಾರದ ಪುಸ್ತಿಕೆಗಳಲ್ಲಿ ವರ್ಷಕ್ಕೆ ಮೂರು ನಾಲ್ಕು ಸಿಲಿಂಡರ್ ಅಂತ ಇರುತ್ತೆ. ನನ್ನ ಲೆಕ್ಕಕ್ಕೆ ಅಷ್ಟು ಬರೋದಿಲ್ಲ. ಮಧ್ಯಾಹ್ನದ ಅನ್ನ, ಬೇಳೆಗೆ ದಿನಕ್ಕೆ ನೂರು ನೂರಿಪ್ಪತ್ತು ಗ್ರಾಂ ಗ್ಯಾಸ್ ಹಿಡಿಯಿರಿ. ಮೋಡದ ದಿನ, ಮದುವೆ, ಜಾತ್ರೆ, ಮನೇಲಿ ಯಾರೂ ಇರದ ದಿನ ಎಲ್ಲಾ ಕಳೆದರೆ ಬಳಸೋದು ವರ್ಷಕ್ಕೆ 200 ದಿನ. 22 ಕಿಲೋ ಆಯ್ತು. 14.2 ಕಿಲೋ ಸಿಲಿಂಡರಿನ ಲೆಕ್ಕದಲ್ಲಿ ಒಂದೂವರೆ. ನಿಮ್ಮ ಮನೆಯದ್ದು ಎಷ್ಟು ಅಂತ ತಿಳಿಯೋಕೆ ಊಹೆ ಬೇಕಿಲ್ಲ. ಚೀಲ ತೂಗುವ ಕಾಂಟಾ ಇದೆಯಲ್ಲ, ಪ್ರತಿ ಭಾನುವಾರ ಸಿಲಿಂಡರ್ ಅದರ ಮೇಲಿಟ್ಟು ತೂಕ ಬರೆಯಿರಿ. ಪೆಟ್ಟಿಗೆ ಇಲ್ಲದ ನಾಲ್ಕು ವಾರ, ಇರುವ ನಾಲ್ಕು ವಾರ. ಉಳಿದ ಗ್ಯಾಸಿನ ದುಡ್ಡಿಂದ ಪೆಟ್ಟಿಗೆಯ ಬೆಲೆಯನ್ನು ಭಾಗಿಸಿದರೆ ಎಷ್ಟು ವರ್ಷಕ್ಕೆ ಅಸಲು ಬರುತ್ತೆ ಗೊತ್ತಾಗುತ್ತೆ. ಜಾಲಿ ಕಟ್ಟಿಗೆ ಉರಿಸುವ ಮನೆಯಲ್ಲಿ ದುಡ್ಡಿನ ಲೆಕ್ಕ ಬರೋದಿಲ್ಲ, ಹೊರೆಯ ಲೆಕ್ಕ ಹಾಕಿ.

ಭತ್ತದ ಹೊಟ್ಟು ಇರುವಾಗ ಪೆಟ್ಟಿಗೆ ಮನೆಯಲ್ಲೇ ಆಗುತ್ತೆ

ಅಂಗಡಿಯದ್ದು ತಗೊಂಡರೆ ಐಎಸ್ 13429 ಗುರುತು ಇದೆಯಾ ನೋಡಿ, ಅದು ಪೆಟ್ಟಿಗೆ ಕುಕ್ಕರಿನ ಭಾರತೀಯ ಮಾನಕ. ಆದರೆ ಮೊದಲ ಸಲಕ್ಕೆ ಮಾಡಿಕೊಳ್ಳೋದೇ ಒಳ್ಳೇದು ಅಂತೀನಿ. ನಮ್ಮ ಕಡೆ ರೈಸ್‌ಮಿಲ್‌ಗಳಿವೆ, ಭತ್ತದ ಹೊಟ್ಟು ಸಲೀಸಾಗಿ ಸಿಗುತ್ತೆ. ಒಣ ಹೊಟ್ಟು ಶಾಖ ಹಿಡಿದಿಡೋದ್ರಲ್ಲಿ ಅಂಗಡಿ ಕುಕ್ಕರಿನ ಗಾಜಿನ ಉಣ್ಣೆಗೆ ತುಂಬಾ ಹಿಂದೆ ಬೀಳೋದಿಲ್ಲ, ಸ್ವಲ್ಪ ದಪ್ಪ ತುಂಬಬೇಕು ಅಷ್ಟೆ.

ಹೊರಗಿನ ಪೆಟ್ಟಿಗೆ ಪ್ಲೈವುಡ್ಡಿನದ್ದು. ಒಳಗೆ ಅಲ್ಯೂಮಿನಿಯಂ ತಗಡಿನ ತಟ್ಟೆ, ಮೇಲೆ ಅಗಲ, ತಳದಲ್ಲಿ ಸ್ವಲ್ಪ ಕಿರಿದು, ಆಳ ನಾಲ್ಕರಿಂದ ಐದು ಇಂಚು. ಎರಡರ ನಡುವೆ ಎಲ್ಲಾ ಕಡೆ ಎರಡೂವರೆ ಮೂರು ಇಂಚು ಜಾಗ ಬಿಟ್ಟು, ಬಿಸಿಲಲ್ಲಿ ಚೆನ್ನಾಗಿ ಒಣಗಿಸಿದ ಹೊಟ್ಟು ತುಂಬಿ. ಹೊಟ್ಟು ಹಸಿಯಾದರೆ ಶಾಖ ಹಿಡಿಯೋದಿಲ್ಲ, ಹಾಗಾಗಿ ಅಂಚನ್ನು ಭದ್ರವಾಗಿ ಮುಚ್ಚಬೇಕು. ತಗಡಿಗೆ ಹೊಳಪಿಲ್ಲದ ಕಪ್ಪು ಬಣ್ಣ ಬಳಿಯಿರಿ. ಬಣ್ಣ ಒಣಗಿದ ಮೇಲೂ ಎರಡು ಮೂರು ದಿನ ಖಾಲಿ ಪೆಟ್ಟಿಗೆಯನ್ನೇ ಬಿಸಿಲಲ್ಲಿ ಕಾಯಿಸಿ, ವಾಸನೆ ಪೂರ್ತಿ ಹೋದ ಮೇಲೆ ಅಡುಗೆ ಇಡಿ. ಮುಚ್ಚಳಕ್ಕೆ ಎರಡು ಗಾಜು, ನಡುವೆ ಅರ್ಧದಿಂದ ಮುಕ್ಕಾಲು ಇಂಚು ಗಾಳಿ. ಒಂದೇ ಗಾಜು ಸಾಕು ಅಂತ ಉಳಿಸೋಕೆ ಹೋದರೆ ಗಾಳಿ ಬೀಸುವ ದಿನ ಬೇಳೆ ಬೇಯಲ್ಲ. ಗಾಜಿನ ಬದಲು ಪ್ಲಾಸ್ಟಿಕ್ ಹಾಳೆ ಬೇಡ, ಕಾದು ಜೋತು ಬೀಳುತ್ತೆ. ಥರ್ಮೋಕೋಲ್ ಕೂಡ ಬೇಡ, ಈ ಬಿಸಿಗೆ ಕರಗುತ್ತೆ. ಮುಚ್ಚಳ ಕೂರುವ ಅಂಚಿಗೆ ರಬ್ಬರ್ ಪಟ್ಟಿ ಅಂಟಿಸಿ. ಕೈಗೆ ಬಿಸಿ ಗಾಳಿ ತಾಗಿದರೆ ಅಲ್ಲಿ ಸೋರುತ್ತಿದೆ ಅಂತ ಅರ್ಥ.

ಕನ್ನಡಿಯನ್ನು ಬಾಗಿಲ ಕೀಲಿನ ಹಾಗೆ ಕೂರಿಸಿ, ಬೇಕಾದ ಕೋನಕ್ಕೆ ನಿಲ್ಲುವಂತೆ ಒಂದು ಕಡ್ಡಿ ಕೊಡಿ. ಸಂಜೆ ಮಡಚಿ ಚಿಲಕ ಹಾಕೋದು ಮರೀಬೇಡಿ. ಹಂಪಿ ಕಡೆಯವರಿಗೆ ಕಾರಣ ಹೇಳಬೇಕಾಗಿಲ್ಲ, ಕನ್ನಡಿ ಕಂಡ ಮಂಗ ಸುಮ್ಮನೆ ಹೋಗೋದಿಲ್ಲ.

ಇಡುವ ಕ್ರಮ

ಮೊಬೈಲಿನ ಗಡಿಯಾರ ಭಾರತದ ಸಮಯ ತೋರಿಸುತ್ತೆ, ಬಿಸಿಲು ನಮ್ಮೂರಿನ ಸಮಯದಲ್ಲಿ ನಡೆಯುತ್ತೆ. ಕಂಪ್ಲಿ, ಹೊಸಪೇಟೆ ಕಡೆ ಸೂರ್ಯ ಅತಿ ಎತ್ತರಕ್ಕೆ ಬರೋದು ಹನ್ನೆರಡಕ್ಕಲ್ಲ, ತಿಂಗಳಿಗೆ ತಕ್ಕ ಹಾಗೆ 12.10ರಿಂದ 12.40ರೊಳಗೆ. ಅದಕ್ಕೆ ಒಂಬತ್ತೂವರೆ ಹತ್ತಕ್ಕೆ ಇಟ್ಟರೆ ಒಂದು ಗಂಟೆಯೊಳಗೆ ಊಟ ತಯಾರು. ಖಾಲಿ ಪೆಟ್ಟಿಗೆಯನ್ನು ಒಂಬತ್ತಕ್ಕೇ ಬಿಸಿಲಿಗಿಟ್ಟರೆ ಇನ್ನೂ ಒಳ್ಳೇದು.

ಕನ್ನಡಿ ಯಾವ ಕಡೆ? ವರ್ಷದ ಬಹುಭಾಗ ನಡು ಮಧ್ಯಾಹ್ನದ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಆಗ ಕನ್ನಡಿ ಉತ್ತರದ ಬದಿಗಿರಬೇಕು. ಮೇ ಮೊದಲ ವಾರದಿಂದ ಆಗಸ್ಟ್ ಎರಡನೇ ವಾರದವರೆಗೆ ನಮ್ಮ ಕಡೆ ಅವನು ನೆತ್ತಿ ದಾಟಿ ಸ್ವಲ್ಪ ಉತ್ತರಕ್ಕೆ ಹೋಗ್ತಾನೆ, ಆಗ ತಿರುಗಿಸಬೇಕು. ದಿಕ್ಸೂಚಿ ಆ್ಯಪ್ ಬೇಕಿಲ್ಲ. ಒಂದು ಕಡ್ಡಿ ನೆಟ್ಟು ನೆರಳು ಯಾವ ಕಡೆ ಬೀಳುತ್ತೋ ಆ ಕಡೆ ಕನ್ನಡಿ. ಕನ್ನಡಿಯ ಹೊಳಪು ಗಾಜಿನ ಪೂರ್ತಿ ಮೇಲೆ ಬಿದ್ದರೆ ಕೋನ ಸರಿ ಇದೆ ಅಂತ. ಒಂದು ಗಂಟೆಗೊಮ್ಮೆ ಪೆಟ್ಟಿಗೆ ಸ್ವಲ್ಪ ತಿರುಗಿಸಿದರೆ ಸಾಕು. ಗಾಜಿನ ಮೇಲಿನ ಧೂಳು ದಿನಾ ಒರೆಸಿ. ಭತ್ತದ ಕೊಯ್ಲಿನ ಕಾಲದಲ್ಲಂತೂ ಬೆಳಿಗ್ಗೆ ಒರೆಸಿದ್ದು ಮಧ್ಯಾಹ್ನಕ್ಕೆ ಮಸುಕಾಗಿರುತ್ತೆ.

ಪಾತ್ರೆಗೆ ಹೊರಗೆ ಕಪ್ಪು ಬಣ್ಣ, ಮೇಲೆ ಕಪ್ಪು ಮುಚ್ಚಳ. ಹೊಳೆಯುವ ಸ್ಟೀಲ್ ಪಾತ್ರೆ ಬಿಸಿಲನ್ನು ವಾಪಸ್ ಕಳಿಸುತ್ತೆ. ಆಳದ ಪಾತ್ರೆಗಿಂತ ಅಗಲದ್ದು ಬೇಗ ಕಾಯುತ್ತೆ. ಬೇಳೆ, ಕಾಳು ರಾತ್ರಿಯೇ ನೆನೆಸಿ. ಆವಿ ಹೊರಗೆ ಹೋಗೋದು ಕಡಿಮೆ, ಹಾಗಾಗಿ ಗ್ಯಾಸಿಗೆ ಹಾಕುವುದಕ್ಕಿಂತ ಸ್ವಲ್ಪ ಕಡಿಮೆ ನೀರು. ಮಧ್ಯೆ ಮಧ್ಯೆ “ಬೆಂದೈತೋ ಇಲ್ಲೋ” ಅಂತ ಮುಚ್ಚಳ ಎತ್ತಿದರೆ ಒಂದೊಂದು ಸಲಕ್ಕೂ ಹತ್ತು ಹದಿನೈದು ನಿಮಿಷ ಹಿಂದೆ ಹೋಗ್ತೀರಿ. ಉಪ್ಪು, ಖಾರ, ಒಗ್ಗರಣೆ ಎಲ್ಲಾ ಆಮೇಲೆ.

ಮೋಡ ಬಂದರೆ? ಅರೆಬೆಂದ ಅಡುಗೆ ಬೆಚ್ಚಗೆ ಕೂತಿರೋದೇ ಅಪಾಯ, ಅದರಲ್ಲಿ ರೋಗಾಣು ಬೆಳೆಯುತ್ತೆ. ಒಂದು ಗಂಟೆ ಕಾದರೂ ಬಿಸಿಲು ಬರಲಿಲ್ಲ ಅಂದರೆ ಪಾತ್ರೆ ತೆಗೆದು ಗ್ಯಾಸ್ ಮೇಲೆ ಕುದಿಸಿಬಿಡಿ. ಅರ್ಧ ಕೆಲಸ ಬಿಸಿಲು ಮಾಡಿರುತ್ತೆ, ಅಷ್ಟು ಗ್ಯಾಸ್ ಉಳಿದೇ ಇರುತ್ತೆ. ಆದ್ದರಿಂದ ಪೆಟ್ಟಿಗೆ ಬಂತು ಅಂತ ಗ್ಯಾಸೋ ಹೊಗೆ ಕೊಳವೆಯ ಒಲೆಯೋ ಮನೆಯಿಂದ ಹೋಗಬಾರದು.

ಕನ್ನಡಿ ತಟ್ಟೆ ಬಗ್ಗೆ ಒಂದು ಎಚ್ಚರಿಕೆ

ಒಂದೂವರೆ ಮೀಟರ್ ಅಗಲದ ಛತ್ರಿಯಂಥ ಕನ್ನಡಿ ತಟ್ಟೆ ಪೆಟ್ಟಿಗೆಗಿಂತ ಎಷ್ಟೋ ಬೇಗ ಬೇಯಿಸುತ್ತೆ, ಒಗ್ಗರಣೆಯೂ ಆಗುತ್ತೆ. ಆದರೆ ಹತ್ತು ಹದಿನೈದು ನಿಮಿಷಕ್ಕೊಮ್ಮೆ ತಿರುಗಿಸಬೇಕು, ಬಿಸಿಲಲ್ಲೇ ನಿಂತು ಅಡುಗೆ ಮಾಡಬೇಕು. ನಮ್ಮ ಏಪ್ರಿಲ್ ಬಿಸಿಲಲ್ಲಿ ಅದು ಯಾರಿಗೂ ಬೇಡ. ಇನ್ನೂ ದೊಡ್ಡ ಮಾತು: ಬಳಸದೆ ಅಂಗಳದಲ್ಲಿ ಬಿಟ್ಟ ತಟ್ಟೆ ಬೆಂಕಿ ಹಚ್ಚಬಹುದು. ಕಿರಣ ಸೇರುವ ಜಾಗಕ್ಕೆ ಹುಲ್ಲಿನ ಬಣವೆಯೋ ಬಿಡಿಸಿಟ್ಟ ಹತ್ತಿಯೋ ಬಂದರೆ ಕತೆ ಮುಗೀತು. ಕೆಲಸ ಇಲ್ಲದಾಗ ಗೋಣಿಚೀಲ ಮುಚ್ಚಿ, ಮುಖವನ್ನು ಗೋಡೆ ಕಡೆ ಮಾಡಿ. ಮಕ್ಕಳು ಅದರೊಳಗೆ ನೋಡದ ಹಾಗೆ ನೋಡಿಕೊಳ್ಳಿ, ಕಣ್ಣಿಗೆ ಹಾನಿ. ದನ ಕಟ್ಟುವ ಮನೆಗೆ ಇದನ್ನು ತರಬೇಡಿ ಅಂತಲೇ ನನ್ನ ಸಲಹೆ.

ಒಳಗೇ ಕೂತು ಮಾಡುವ ಸೋಲಾರ್ ಒಲೆ

ಹೊತ್ತಿನ ಸಮಸ್ಯೆಗೆ ಇನ್ನೊಂದು ಪರಿಹಾರ ಬಿಸಿಲನ್ನು ಕರೆಂಟ್ ಮಾಡಿ ಒಳಗೆ ತರೋದು. ಮಧ್ಯಪ್ರದೇಶದ ಬೇತುಲ್ ಜಿಲ್ಲೆಯ ಬಾಂಚಾ ಎಂಬ ಸಣ್ಣ ಹಳ್ಳಿಯಲ್ಲಿ ಸುಮಾರು 75 ಮನೆಗಳಿಗೂ ಫಲಕ, ಬ್ಯಾಟರಿ, ವಿದ್ಯುತ್ ಒಲೆ ಕೊಡಲಾಯ್ತು. ಒಲೆ ರೂಪಿಸಿದವರು ಮುಂಬೈ ಐಐಟಿಯವರು. ಇಂಡಿಯನ್ ಆಯಿಲ್ ಕಂಪನಿಯ ‘ಸೂರ್ಯ ನೂತನ್’ ಇನ್ನೊಂದು. ಫಲಕ ಚಾವಣಿ ಮೇಲೆ, ಒಲೆ ಅಡುಗೆಮನೆಯಲ್ಲಿ, ಬಿಸಿಲಿಲ್ಲದಾಗ ಮನೆ ಕರೆಂಟಿನ ಮೇಲೂ ನಡೆಯುತ್ತೆ. 2022ರಲ್ಲಿ ಅದನ್ನು ತೋರಿಸಿದಾಗ ಹೇಳಿದ ಬೆಲೆ ಸಣ್ಣದಕ್ಕೆ 12,000, ದೊಡ್ಡದಕ್ಕೆ 23,000 ರೂಪಾಯಿ. ಎರಡು ಒಲೆಯ ಮಾದರಿಯನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಪ್ರಧಾನಿ ಬಿಡುಗಡೆ ಮಾಡಿದರು. ಹತ್ತಿರದಲ್ಲಿ ಮಾರಾಟ, ರಿಪೇರಿ ಎರಡೂ ಇದೆಯಾ ಕೇಳಿಕೊಂಡೇ ದುಡ್ಡು ಕೊಡಿ.

ಬರೀ ಇಂಡಕ್ಷನ್ ಒಲೆ, ಮೇಲೆ ಪಿಎಂ ಸೂರ್ಯಘರ್ ಯೋಜನೆಯ ಫಲಕ ಅನ್ನೋದು ಮೂರನೇ ದಾರಿ. ಒಂದು ಕಿಲೋವ್ಯಾಟಿಗೆ 30,000, ಎರಡಕ್ಕೆ 60,000, ಮೂರು ಅಥವಾ ಅದಕ್ಕಿಂತ ಹೆಚ್ಚಿಗೆ 78,000 ರೂಪಾಯಿ ಸಹಾಯಧನ. ಒಂದು ಕಿಲೋವ್ಯಾಟ್ ನಮ್ಮ ಕಡೆ ದಿನಕ್ಕೆ ನಾಲ್ಕು ಯೂನಿಟ್ ಆಸುಪಾಸು ಕೊಡುತ್ತೆ, ಒಂದು ಮನೆಯ ಅಡುಗೆಗೆ ಎರಡು ಮೂರು ಯೂನಿಟ್ ಸಾಕು. ಎರಡು ತೊಡಕು ಇವೆ. ಬ್ಯಾಟರಿ ಇಲ್ಲದೆ ಜೆಸ್ಕಾಂ ಲೈನಿಗೆ ಜೋಡಿಸಿದ ಫಲಕ ಕರೆಂಟ್ ಹೋದ ಕೂಡಲೇ ತಾನೂ ನಿಲ್ಲುತ್ತೆ. ಕಂಬ ಹತ್ತಿದ ಲೈನ್‌ಮನ್ ಜೀವ ಉಳಿಯಲಿ ಅಂತ ಹಾಗೆ ಮಾಡಿರೋದು. ಎರಡನೆಯದು ಗೃಹಜ್ಯೋತಿ. ನಿಮ್ಮ ಮನೆಗೆ ಉಚಿತವಾಗಿ ಸಿಗೋದು ಹಿಂದಿನ ಸರಾಸರಿ ಬಳಕೆಯ ಮೇಲೆ ನಿಗದಿಯಾದ ಯೂನಿಟ್, ಎಲ್ಲರಿಗೂ 200 ಅಲ್ಲ. ಫಲಕ ಇಲ್ಲದೆ ಇಂಡಕ್ಷನ್ ಮಾತ್ರ ತಂದರೆ ತಿಂಗಳಿಗೆ ತೊಂಬತ್ತು ಯೂನಿಟ್‌ವರೆಗೆ ಏರಬಹುದು. ಬಿಲ್ಲಿನಲ್ಲಿ ನಿಮ್ಮ ಮಿತಿ ಎಷ್ಟಿದೆ ನೋಡಿ ಮುಂದುವರೀರಿ. ಇನ್ನು ರೊಟ್ಟಿ: ಮಣ್ಣಿನ ಹಂಚು, ಅಲ್ಯೂಮಿನಿಯಂ ಪಾತ್ರೆ ಇಂಡಕ್ಷನ್ ಮೇಲೆ ಕಾಯೋದೇ ಇಲ್ಲ. ಕಬ್ಬಿಣದ ಹಂಚು ಕಾಯುತ್ತೆ, ಆದರೆ ತಳ ಸಪಾಟಾಗಿರಬೇಕು.

ಯಾರನ್ನ ಕೇಳಬೇಕು

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ‘ಅಸ್ತ್ರ’ ಕೇಂದ್ರ ಶುರು ಮಾಡಿದಾಗ ಕುಣಿಗಲ್ ತಾಲೂಕಿನ ಉಂಗ್ರ ಸುತ್ತಲಿನ ಹಳ್ಳಿಗಳಲ್ಲಿ ಮೊದಲು ಮಾಡಿದ್ದು ಎಣಿಕೆ: ಯಾವ ಮನೆ ಎಷ್ಟು ಕಟ್ಟಿಗೆ ಸುಡುತ್ತೆ, ತರೋಕೆ ಎಷ್ಟು ಹೊತ್ತು, ಎಷ್ಟು ದೂರ. ನಿಮ್ಮ ಹಿರಿಯರು ಕಂಡಿರಬಹುದಾದ ಹೊಗೆ ಕೊಳವೆಯ ಅಸ್ತ್ರ ಒಲೆ ಬಂದದ್ದು ಅದೇ ಕೇಂದ್ರದಿಂದ. ಅಲ್ಲೇ ಪಕ್ಕದ ಪುರ ಎಂಬ ಹಳ್ಳಿಯಲ್ಲಿ ಊರಿಗೆಲ್ಲಾ ಒಂದೇ ಗೋಬರ್ ಗ್ಯಾಸ್ ಸ್ಥಾವರ ಕಟ್ಟಿದಾಗ ಎಲ್ಲರ ಅಡುಗೆಗೂ ಸಾಕಾಗುವಷ್ಟು ಸಗಣಿ ಇಲ್ಲ ಅಂತ ಗೊತ್ತಾಯ್ತು. ಅದೇ ಗ್ಯಾಸಿನಿಂದ 1987ರಿಂದ ಕುಡಿಯುವ ನೀರೆತ್ತಿ, ದೀಪ ಹಚ್ಚಿದರು. ಅಡುಗೆಗೆ ಒಗ್ಗದಿದ್ದರೂ ಒಗ್ಗುವ ಕೆಲಸ ಸಿಕ್ಕಿತು.

ನಿಮ್ಮ ಮನೆಯಲ್ಲಿ ಈ ಎಣಿಕೆ ಗೊತ್ತಿರೋದು ಅವ್ವನಿಗೋ ಹೆಂಡತಿಗೋ. ಪೆಟ್ಟಿಗೆ ಎಲ್ಲಿಡಬೇಕು ಅಂತ ಅವರೇ ಹೇಳಲಿ. ಮೂರು ಗಂಟೆವರೆಗೆ ನೆರಳು ಬೀಳದ, ನಾಯಿ ದನ ಹಾಯದ, ನಾಲ್ಕು ಹೆಜ್ಜೆಯಲ್ಲಿ ಅಡುಗೆಮನೆ ಸಿಗುವ ಜಾಗ ಬೇಕು. ಚಾವಣಿ ಮೇಲೆ ಇಟ್ಟರೆ ಬಿಸಿಲೇನೋ ಚೆನ್ನಾಗಿರುತ್ತೆ, ಆದರೆ ದಿನಾ ಎರಡು ಸಲ ಬಿಸಿ ಪಾತ್ರೆ ಹಿಡಿದು ಮೆಟ್ಟಿಲು ಹತ್ತಿ ಇಳಿಯೋರು ನೀವಲ್ಲ. ನಮ್ಮ ಮನೆಯಲ್ಲಿ ಅದು ಬಾವಿ ಕಟ್ಟೆ ಪಕ್ಕ ಬಂದು ಕೂತದ್ದು ಅವ್ವ ಹೇಳಿದ ಮೇಲೆ.

ಶುರು ಮಾಡೋಕೆ ಒಳ್ಳೇ ಕಾಲ ಸಂಕ್ರಾಂತಿ ಮುಗಿದ ಮೇಲೆ. ಆಕಾಶ ಸ್ವಚ್ಛ, ಧೂಳು ಕಡಿಮೆ, ಜೂನ್‌ವರೆಗೆ ನಾಲ್ಕೂವರೆ ತಿಂಗಳು ಕೈ ಪಳಗುತ್ತೆ. ಶ್ರಾವಣದ ಮೋಡದಲ್ಲಿ ಮೊದಲ ಸಲ ಇಟ್ಟವರು ಎರಡನೇ ಸಲ ಇಡೋದಿಲ್ಲ. ಮೊದಲ ವಾರ ಬರೀ ನೀರು, ಗೆಣಸು, ಶೇಂಗಾ ಇಡಿ. ಆಮೇಲೆ ಬೇಳೆ. ಹುರುಳಿ, ಮಡಿಕೆಕಾಳು ಕೊನೆಗೆ, ಅವು ಎಲ್ಲಕ್ಕಿಂತ ಹೆಚ್ಚು ಹೊತ್ತು ತಿನ್ನುತ್ತವೆ.

ಮುಂದಿನ ವಾರ ಇದೇ ಪೆಟ್ಟಿಗೆಯ ಅಣ್ಣನಂತಿರುವ, ಮೆಣಸಿನಕಾಯಿ ಒಣಗಿಸುವ ಸೋಲಾರ್ ಡ್ರೈಯರ್ ಬಗ್ಗೆ ಬರೀತೀನಿ. ಅಷ್ಟರಲ್ಲಿ ಸಿಲಿಂಡರ್ ಒಮ್ಮೆ ತೂಗಿ ಬರೆದಿಟ್ಟಿರಿ.